ಗ್ರಂಥಾಲಯದ ಗೋಡೆಯ ಮೇಲೆ ಊರಿನ ಕಲಾವಿದರ ಚಿತ್ರಗಳು: ಅನುಮತಿ ಯಾರದು, ಹೊಣೆ ಯಾರದು?

ಕುಂಚ_ಗದಗ

ನಮ್ಮ ಸೀಮೆಯಲ್ಲಿ ಚಿತ್ರ ಬರೆಯುವವರಿಗೆ ಎಂದೂ ಬರವಿರಲಿಲ್ಲ. ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಕಟ್ಟಿದ ವಿಜಯ ಕಲಾಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಕಲಾಶಾಲೆ, ಕಲಬುರಗಿಗೆ ಎಸ್.ಎಂ. ಪಂಡಿತರು ತಂದ ಹೆಸರು, ಇವೆಲ್ಲ ಸೇರಿ ಹಲವು ತಲೆಮಾರುಗಳ ಕಲಾವಿದರನ್ನು ಬೆಳೆಸಿವೆ. ಅವರಲ್ಲಿ ಅನೇಕರು ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾಗುತ್ತಾರೆ. ಅವರು ಬರೆದ ಚಿತ್ರಗಳು ಮನೆಯ ಅಟ್ಟದಲ್ಲಿ ಉಳಿಯುತ್ತವೆ. ಬರ ಇರುವುದು ಗೋಡೆಗೆ. ಪ್ರದರ್ಶನ ಎಂದರೆ ಬೆಂಗಳೂರಿಗೆ ಹೋಗಬೇಕು, ಗ್ಯಾಲರಿಗೆ ದಿನದ ಬಾಡಿಗೆ ಕಟ್ಟಬೇಕು, ಚೌಕಟ್ಟು ಹಾಕಿಸಿದ ಚಿತ್ರಗಳನ್ನು ಬಸ್ಸಿನ ಡಿಕ್ಕಿಯಲ್ಲಿ ಒಯ್ಯಬೇಕು, ಪರಿಚಯದವರ ಮನೆಯಲ್ಲಿ ತಂಗಬೇಕು. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಮಳಿಗೆ ಸಿಕ್ಕರೂ ಅದು ಜನವರಿಯ ಒಂದು ಭಾನುವಾರದ ಮಾತು. ನಮ್ಮ ಊರಿನ ಜನ ಮಾತ್ರ ನಮ್ಮ ಚಿತ್ರಗಳನ್ನು ನೋಡದೆಯೇ ಉಳಿಯುತ್ತಾರೆ.

ಹಾಗಿರುವಾಗ ಪ್ರತಿ ಜಿಲ್ಲಾ ಕೇಂದ್ರದಲ್ಲೂ ತಾಲ್ಲೂಕಿನಲ್ಲೂ ಒಂದು ಸಾರ್ವಜನಿಕ ಗ್ರಂಥಾಲಯವಿದೆ. ಅಲ್ಲಿಗೆ ದಿನವೂ ಜನ ಬರುತ್ತಾರೆ, ಪ್ರವೇಶಕ್ಕೆ ಶುಲ್ಕವಿಲ್ಲ, ಒಳಗೆ ಹೋಗಲು ಯಾರಿಗೂ ಸಂಕೋಚವಿಲ್ಲ. ಈ ಕಡೆಯ ಗುಣ ಯಾವ ಗ್ಯಾಲರಿಗೂ ಇಲ್ಲ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಲು ಹಿಂಜರಿಯುವ ರೈತ, ದಿನಪತ್ರಿಕೆ ಓದಲು ಗ್ರಂಥಾಲಯಕ್ಕೆ ಬಂದೇ ಬರುತ್ತಾನೆ. ಆ ಗೋಡೆಗಳಲ್ಲಿ ಒಂದನ್ನು ಊರಿನ ಕಲಾವಿದರಿಗೆ ಎರಡು ತಿಂಗಳಿಗೊಬ್ಬರಂತೆ ಬಿಟ್ಟುಕೊಡಬೇಕೆಂದು ಮನವಿ ಸಲ್ಲಿಸುವ ಆಲೋಚನೆ ನಮ್ಮ ಗುಂಪಿಗಿದೆ. ಗ್ರಂಥಾಲಯದ ಒಳಗನ್ನು ಬಲ್ಲವರು ಇದರ ಸಾಧ್ಯಾಸಾಧ್ಯತೆಗಳನ್ನು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ_ಗ್ರಂಥಪಾಲಕ

ಆಲೋಚನೆ ಒಳ್ಳೆಯದು. ಆದರೆ ಮನವಿ ಬರೆಯುವ ಮೊದಲು ಮೇಜಿನ ಈಚೆ ಬದಿಯಿಂದ ಕೆಲವು ಮಾತುಗಳನ್ನು ಹೇಳಬೇಕು.

ಹಕ್ಕಿನ ಪ್ರಶ್ನೆಯಲ್ಲಿ ನೀವು ಸಂಕೋಚಪಡಬೇಕಾಗಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬ ಕಲಾವಿದನೂ ಆ ಗೋಡೆಗೆ ಹಣ ಕೊಟ್ಟವನೇ. ಸಂಗ್ರಹವಾದ ಕರ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯ ಪ್ರಾಧಿಕಾರಕ್ಕೆ ಸಕಾಲದಲ್ಲಿ ತಲುಪುವುದಿಲ್ಲವೆಂಬುದು ಹಳೆಯ ದೂರು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ತೊಡಕಿರುವುದು ಹೊಣೆಗಾರಿಕೆಯಲ್ಲಿ. ಪುಸ್ತಕ ಕಳೆದರೆ ದಾಸ್ತಾನು ಪರಿಶೀಲನೆಯ ದಿನ ಉತ್ತರ ಹೇಳಬೇಕಾದವನು ಗ್ರಂಥಪಾಲಕ. ಆ ಭಯದಲ್ಲಿಯೇ ಎಷ್ಟೋ ಕಡೆ ಒಳ್ಳೆಯ ಪುಸ್ತಕಗಳು ಬೀಗ ಹಾಕಿದ ಕಪಾಟಿನಲ್ಲಿ ಉಳಿದಿವೆ. ಅಂಥವನ ಗೋಡೆಯ ಮೇಲೆ ಇಪ್ಪತ್ತು ಸಾವಿರ ಬೆಲೆ ಬರೆದ ಚಿತ್ರವೊಂದನ್ನು ತಂದು ತೂಗುಹಾಕಿದರೆ ಅವನು ಅದರ ಅಂದವನ್ನು ನೋಡುವುದಿಲ್ಲ, ಬೆಲೆಯ ಚೀಟಿಯನ್ನು ನೋಡುತ್ತಾನೆ. ಆದ್ದರಿಂದ ಚಿತ್ರಕ್ಕೆ ಹಾನಿಯಾದರೆ, ಕಳವಾದರೆ ಸಿಬ್ಬಂದಿ ಹೊಣೆಯಲ್ಲವೆಂಬ ಬರವಣಿಗೆಯನ್ನು ಕಲಾವಿದರೇ ಮೊದಲು ಕೊಡಬೇಕು. ಅದು ಇಲ್ಲದಿದ್ದರೆ ಮೇಲಧಿಕಾರಿಯ ಅನುಮತಿ ಬಂದರೂ ಗೋಡೆ ಖಾಲಿಯೇ ಇರುತ್ತದೆ.

ಇಂಥ ಸಂದರ್ಭಗಳಲ್ಲಿ ಎಲ್ಲರೂ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಪಂಚಸೂತ್ರಗಳಲ್ಲಿ ಐದನೆಯದನ್ನು ಎತ್ತಿಕೊಂಡು ಬರುತ್ತಾರೆ: ಗ್ರಂಥಾಲಯ ಬೆಳೆಯುವ ಜೀವಿ. ನಾನು ನಾಲ್ಕನೆಯದನ್ನು ನೆನಪಿಸುತ್ತೇನೆ: ಓದುಗನ ಸಮಯವನ್ನು ಉಳಿಸಿ. ಪ್ರದರ್ಶನದಿಂದ ಓದುಗನ ಒಂದು ಗಂಟೆ ಹಾಳಾಗುವುದಾದರೆ ಬೆಳವಣಿಗೆಯ ಮಾತಿಗೆ ಅರ್ಥವಿಲ್ಲ.

ಕೆಎಎಸ್_ಅಭ್ಯರ್ಥಿ

ನಾಲ್ಕನೆಯ ಸೂತ್ರವನ್ನು ನೆನಪಿಸಿದ್ದಕ್ಕೆ ವಂದನೆಗಳು. ನಾನು ಆ ಓದುಗರಲ್ಲಿ ಒಬ್ಬ.

ಜಿಲ್ಲಾ ಕೇಂದ್ರ ಗ್ರಂಥಾಲಯಗಳಲ್ಲಿ ಇಂದು ಹೆಚ್ಚಿನ ಹೊತ್ತು ಕುಳಿತಿರುವವರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು. ಬಾಗಿಲು ತೆರೆಯುವ ಮೊದಲೇ ಬಂದು ನಿಂತು ಕುರ್ಚಿ ಹಿಡಿಯುತ್ತೇವೆ. ಬಾಡಿಗೆ ಕೋಣೆಯಲ್ಲಿ ನಾಲ್ವರು ಇರುವಾಗ ಓದಲು ಬೇರೆ ಸ್ಥಳವಿಲ್ಲ, ಖಾಸಗಿ ಸ್ಟಡಿ ಹಾಲ್‌ಗಳ ತಿಂಗಳ ಶುಲ್ಕ ಕಟ್ಟಲು ಎಲ್ಲರಿಗೂ ಆಗುವುದಿಲ್ಲ. ಚಿತ್ರಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಆತಂಕ ಉದ್ಘಾಟನೆಯದು. ನಮ್ಮ ನಾಡಿನಲ್ಲಿ ಒಂದು ಚಿತ್ರವನ್ನು ಗೋಡೆಗೆ ಹಾಕಬೇಕಾದರೆ ವೇದಿಕೆ, ಮೈಕು, ದೀಪ, ಪ್ರಾರ್ಥನೆ, ಸ್ವಾಗತ, ಮೂವರು ಅತಿಥಿಗಳ ಭಾಷಣ, ಶಾಲು, ಹಾರ, ವಂದನಾರ್ಪಣೆ ಎಲ್ಲವೂ ಆಗಬೇಕು. ಕುರ್ಚಿಗಳನ್ನು ನಮ್ಮ ಓದುವ ಕೋಣೆಯಿಂದಲೇ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ನೋಡಲು ಬರುವವರು ಚಿತ್ರದ ಮುಂದೆ ನಿಂತು ಜೋರಾಗಿ ಮಾತನಾಡುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ. ಪ್ರಿಲಿಮ್ಸ್ ಪರೀಕ್ಷೆಗೆ ಹತ್ತು ದಿನ ಉಳಿದಿರುವಾಗ ಇದನ್ನು ಯಾರು ಸಹಿಸಬೇಕು?

ಕುಂಚ_ಗದಗ

ಈ ಆಕ್ಷೇಪ ನ್ಯಾಯವಾದದ್ದು. ಉದ್ಘಾಟನಾ ಸಮಾರಂಭವನ್ನು ನಾವು ಬಿಟ್ಟುಬಿಡಲು ಸಿದ್ಧ. ಗ್ರಂಥಾಲಯಕ್ಕೆ ಸೋಮವಾರ ರಜೆ. ಸಿಬ್ಬಂದಿ ಒಪ್ಪಿದರೆ ಅಂದು ಬಂದು ಚಿತ್ರಗಳನ್ನು ಕಟ್ಟಿ ಹೋಗುತ್ತೇವೆ, ಮಂಗಳವಾರ ಬಂದವರು ನೋಡಿಕೊಳ್ಳಲಿ. ಅತಿಥಿಗಳನ್ನು ಕರೆಯದೆ ಪ್ರದರ್ಶನ ಮಾಡಿದರೆ ಪತ್ರಿಕೆಯಲ್ಲಿ ಸುದ್ದಿ ಬರುವುದಿಲ್ಲವೆಂದು ನಮ್ಮ ಗುಂಪಿನ ಹಿರಿಯರೊಬ್ಬರು ಈಗಾಗಲೇ ಮುನಿಸಿಕೊಂಡಿದ್ದಾರೆ, ಅವರನ್ನು ನಾವು ಒಪ್ಪಿಸುತ್ತೇವೆ.

ನ್ಯೂಜೆರ್ಸಿ_ಕನ್ನಡತಿ

ಅಮೆರಿಕದ ಬಡಾವಣೆಯ ಗ್ರಂಥಾಲಯಗಳಲ್ಲಿ ಸ್ಥಳೀಯರ ಚಿತ್ರಗಳನ್ನು ತೂಗುಹಾಕುವುದು ಸಾಮಾನ್ಯ ಸಂಗತಿ. ಅದನ್ನು ಹಾಗೆಯೇ ಅಲ್ಲಿಗೆ ತನ್ನಿ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಮನೆಯಿಂದ ರೈಲಿನಲ್ಲಿ ಹೋಗಿಬರಬಹುದಾದ ಒಂದು ಗ್ರಂಥಾಲಯದ ಕಥೆ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆಯೆಂದು ತೋರುತ್ತದೆ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 135ನೇ ಬೀದಿಯ ಶಾಖಾ ಗ್ರಂಥಾಲಯಕ್ಕೆ 1920ರಲ್ಲಿ ಅರ್ನೆಸ್ಟೀನ್ ರೋಸ್ ಎಂಬವರು ಗ್ರಂಥಪಾಲಕಿಯಾಗಿ ಬಂದರು. ಸುತ್ತಲಿನ ವಸತಿ ಆಗ ವೇಗವಾಗಿ ಕಪ್ಪು ಜನರದ್ದಾಗುತ್ತಿತ್ತು, ಆದರೆ ನಗರದ ಗ್ಯಾಲರಿಗಳು ಕಪ್ಪು ಕಲಾವಿದರಿಗೆ ಮುಚ್ಚಿದ್ದವು. 1921ರಲ್ಲಿ ಆ ಶಾಖೆಯಲ್ಲಿ ಕಪ್ಪು ಕಲಾವಿದರ ಕೃತಿಗಳ ಪ್ರದರ್ಶನ ನಡೆಯಿತು. 1926ರಲ್ಲಿ ಆರ್ಟುರೊ ಶೋಂಬರ್ಗ್ ಅವರ ಪುಸ್ತಕ, ಹಸ್ತಪ್ರತಿ, ಮುದ್ರಿತ ಚಿತ್ರಗಳ ದೊಡ್ಡ ಸಂಗ್ರಹ ಅಲ್ಲಿಗೆ ಬಂತು. 1934ರಲ್ಲಿ ಕಪ್ಪು ಚಿತ್ರಕಾರ ಏರನ್ ಡಗ್ಲಸ್ ತಮ್ಮ ಜನರ ಬದುಕನ್ನು ಕುರಿತ ನಾಲ್ಕು ದೊಡ್ಡ ಭಿತ್ತಿಚಿತ್ರಗಳನ್ನು ಅದೇ ಶಾಖೆಗಾಗಿ ರಚಿಸಿದರು.

ಇನ್ನೊಬ್ಬರ ವಿಷಯ ನನಗೆ ಇದಕ್ಕಿಂತ ಮುಖ್ಯ. ಜೇಕಬ್ ಲಾರೆನ್ಸ್ ಹಾರ್ಲೆಮ್‌ನಲ್ಲಿ ಬೆಳೆದ ಹುಡುಗ. ಹೈಟಿಯ ಬಿಡುಗಡೆಯ ನಾಯಕ ಟೂಸಾಂ ಲೂವರ್ಚ್ಯೂರ್ ಕುರಿತು 41 ಫಲಕಗಳ ಮಾಲಿಕೆಯನ್ನು, ಆಮೇಲೆ ದಕ್ಷಿಣದಿಂದ ಉತ್ತರಕ್ಕೆ ವಲಸೆ ಬಂದ ತನ್ನ ಜನರ ಕುರಿತು 60 ಫಲಕಗಳ ಮಾಲಿಕೆಯನ್ನು ರಚಿಸುವ ಮೊದಲು ಈ ಗ್ರಂಥಾಲಯದಲ್ಲಿ ಕುಳಿತು ಓದಿದರು. ವಲಸೆಯ ಮಾಲಿಕೆ 1941ರಲ್ಲಿ ಮುಗಿದಾಗ ಅವರ ವಯಸ್ಸು ಇಪ್ಪತ್ತಮೂರು. ಗ್ರಂಥಾಲಯವು ಗ್ಯಾಲರಿಯ ಬದಲಿ ಸ್ಥಳವಷ್ಟೇ ಆಗಿದ್ದರೆ ಇಂಥ ಕೆಲಸ ಹುಟ್ಟುತ್ತಿರಲಿಲ್ಲ. ಆದ್ದರಿಂದ ನಿಮ್ಮ ಮನವಿಯಲ್ಲಿ ಚಿತ್ರದ ಪಕ್ಕದಲ್ಲಿಯೇ ಒಂದು ಕಪಾಟನ್ನು ಕೇಳಿ. ಹಂಪಿಯ ರೇಖಾಚಿತ್ರಗಳನ್ನು ಯಾರಾದರೂ ತೂಗುಹಾಕಿದರೆ ವಿಜಯನಗರದ ಕುರಿತು ಆ ಗ್ರಂಥಾಲಯದಲ್ಲಿರುವ ಪುಸ್ತಕಗಳು ಅದರ ಕೆಳಗಿರಲಿ.

ನಿವೃತ್ತ_ಗ್ರಂಥಪಾಲಕ

ಕಪಾಟಿನ ಸಲಹೆಯನ್ನು ನಾನು ಮನಸಾರೆ ಒಪ್ಪುತ್ತೇನೆ, ಏಕೆಂದರೆ ಅದು ಗ್ರಂಥಪಾಲಕನಿಗೆ ಅವನ ವೃತ್ತಿಗೆ ಹೊಂದುವ ಪಾಲನ್ನು ಕೊಡುತ್ತದೆ. ಪುಸ್ತಕ ಆರಿಸಿ ಜೋಡಿಸುವುದು ಅವನಿಗೆ ಗೊತ್ತು, ಮೊಳೆ ಹೊಡೆಯುವುದಲ್ಲ. ವರ್ಷಗಟ್ಟಲೆ ಯಾರೂ ಎತ್ತಿಕೊಳ್ಳದ ಪುಸ್ತಕಗಳು ಈ ನೆಪದಲ್ಲಿ ಹೊರಬಂದರೆ ಎರವಲು ವಹಿಯಲ್ಲಿಯೂ ಅದು ಕಾಣಿಸುತ್ತದೆ, ಮೇಲಧಿಕಾರಿಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಚೌಕಟ್ಟು_ಮಂಗಳೂರು

ಚೌಕಟ್ಟು ಹಾಕುವುದು ನನ್ನ ಕಸುಬು, ಆದ್ದರಿಂದ ಗೋಡೆಯ ಬಗ್ಗೆಯೇ ಹೇಳುತ್ತೇನೆ.

ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಯಾವುದು ಶತ್ರುವೋ ಚಿತ್ರಕ್ಕೂ ಅದೇ ಶತ್ರು: ತೇವ, ಬಿಸಿಲು, ಹುಳು. ಜಲವರ್ಣ, ಪೆನ್ಸಿಲ್, ಮುದ್ರಣ ಮುಂತಾದ ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ಓದುವ ಕೋಣೆಗೆ ಅದರ ಹಲವು ಪಟ್ಟು ಬೆಳಕು ಬೇಕು. ಓದುಗರಿಗೆ ದೀಪ ಆರಿಸಿ ಎನ್ನಲಾಗದು, ಹಾಗಾಗಿ ಕಾಗದದ ಕೃತಿಗಳ ಅವಧಿಯನ್ನೇ ಕಡಿಮೆ ಮಾಡಬೇಕು. ನೀವು ಹೇಳಿದ ಎರಡು ತಿಂಗಳು ಸರಿಯಾಗಿದೆ. ಕಿಟಕಿಯ ಎದುರಿನ ಗೋಡೆಯನ್ನು ಎಷ್ಟೇ ಚೆನ್ನಾಗಿ ಕಂಡರೂ ಬಿಡಿ, ಸಂಜೆಯ ಬಿಸಿಲು ನೇರವಾಗಿ ಅಲ್ಲಿಗೇ ಬೀಳುತ್ತದೆ.

ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗೆ ಕಾಗದದ ಚಿತ್ರ ಹಾಕಲೇಬಾರದು. ಗಾಜಿಗೆ ಕಾಗದ ತಾಗಿಕೊಂಡಿದ್ದರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಅಂತರ ಇರಬೇಕು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ, ಖರ್ಚೇನೂ ಇಲ್ಲ. ಮಕ್ಕಳ ವಿಭಾಗದಲ್ಲಿ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿ.

ಪ್ರತಿ ಪ್ರದರ್ಶನಕ್ಕೂ ಮೊಳೆ ಹೊಡೆದರೆ ಎರಡು ವರ್ಷದಲ್ಲಿ ಗಾರೆ ಉದುರುತ್ತದೆ. ಛಾವಣಿಯಿಂದ ಒಂದು ಅಡಿ ಕೆಳಗೆ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಒಮ್ಮೆ ಕೂಡಿಸಿ, ಅದರಿಂದ ಉಕ್ಕಿನ ತಂತಿ ಇಳಿಬಿಟ್ಟರೆ ಎಷ್ಟು ಬಾರಿಯಾದರೂ ಚಿತ್ರಗಳನ್ನು ಬದಲಿಸಬಹುದು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಂಥ ನೂರು ವರ್ಷ ದಾಟಿದ ಕಟ್ಟಡಗಳಲ್ಲಿ ಅದನ್ನೂ ಮಾಡಬಾರದು. ಅಲ್ಲಿ ನೆಲದ ಮೇಲೆ ನಿಲ್ಲುವ ಫಲಕಗಳೇ ಸರಿ.

ಸಾಗರದ_ಸೊಸೆ

ಇಲ್ಲಿಯವರೆಗೆ ಎಲ್ಲರೂ ಚೌಕಟ್ಟಿನೊಳಗಿನ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ. ನಮ್ಮ ಕಡೆ ದೀವರ ಸಮುದಾಯದ ಮನೆಗಳ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕೆ ಚೌಕಟ್ಟಿಲ್ಲ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ, ಇಷ್ಟೇ ಸಾಮಗ್ರಿ. ಅದನ್ನು ಬರೆಯುವವರು ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳುವುದೂ ಅಪರೂಪ, ಅರ್ಜಿ ಹಾಕುವುದಂತೂ ದೂರದ ಮಾತು. ಅರ್ಜಿ ಕರೆದು ಆಯ್ಕೆ ಮಾಡುವ ಕ್ರಮದಲ್ಲಿ ಅವರು ಮೊದಲ ಹೆಜ್ಜೆಯಲ್ಲಿಯೇ ಬಿಟ್ಟುಹೋಗುತ್ತಾರೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಈಗ ಅವುಗಳಿಗೆ ಅರಿವು ಕೇಂದ್ರವೆಂಬ ಹೆಸರಿದೆ. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಇವೆ. ಅನೇಕ ಕಡೆ ಗೋಡೆಗಳಿಗೆ ಚಿತ್ರ ಬರೆಸಿ ಅಂದಗೊಳಿಸಿದ್ದಾರೆ, ಸಂತೋಷವೇ. ಆದರೆ ನಾನು ನೋಡಿದ ಕೆಲವೆಡೆ ಹೊರಗಿನಿಂದ ಪೇಂಟರನ್ನು ಕರೆಸಿ, ಇಂಟರ್‌ನೆಟ್ಟಿನಿಂದ ಇಳಿಸಿದ ಕಾರ್ಟೂನುಗಳನ್ನು ಎನಾಮಲ್ ಬಣ್ಣದಲ್ಲಿ ಬರೆಸಿದ್ದಾರೆ. ಅದೇ ಓಣಿಯಲ್ಲಿ ಚಿತ್ತಾರ ಬಲ್ಲ ಅಜ್ಜಿಯೊಬ್ಬರು ಇದ್ದರೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಹಣ ಅಷ್ಟೇ ಖರ್ಚಾಗುತ್ತಿತ್ತು, ಕೂಲಿ ಊರಿನಲ್ಲಿಯೇ ಉಳಿಯುತ್ತಿತ್ತು. ಗ್ರಂಥಾಲಯ ಎಂದಾಗ ಜಿಲ್ಲಾ ಕೇಂದ್ರವನ್ನಷ್ಟೇ ನೆನೆಯಬೇಡಿ. ಗೌರವಕ್ಕಾಗಿ ಬರೆಯಿರಿ ಎಂದು ಬಿಟ್ಟಿ ಕೆಲಸವನ್ನೂ ಮಾಡಿಸಬೇಡಿ.

ಕಾನೂನು_ಕನ್ನಡಿ

ಗೋಡೆಯ ಮೇಲೆಯೇ ಬರೆಯುವುದಾದರೆ ಮುಂದೊಂದು ದಿನ ಅದರ ಮೇಲೆ ಸುಣ್ಣ ಬಳಿಯುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಬರುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರ ಬೃಹತ್ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಕಟ್ಟಡದ ನವೀಕರಣದ ಹೆಸರಿನಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಕೃತಿಯ ಒಡೆತನ ಸರ್ಕಾರದ್ದಾಗಿದ್ದರೂ ಕೃತಿಕಾರನ ನೈತಿಕ ಹಕ್ಕು ಉಳಿದೇ ಇರುತ್ತದೆಂದು 2005ರಲ್ಲಿ ದೆಹಲಿ ಹೈಕೋರ್ಟು ತೀರ್ಪಿತ್ತು, ಅವಶೇಷಗಳನ್ನು ಕಲಾವಿದರಿಗೆ ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಅದರ ಆಧಾರ.

ಪಂಚಾಯಿತಿಯ ಗೋಡೆಗೆ ಇದನ್ನು ಅನ್ವಯಿಸಿ ಹೆದರಿಸುವುದು ನನ್ನ ಉದ್ದೇಶವಲ್ಲ. ಒಪ್ಪಂದದಲ್ಲಿ ಎರಡು ಸಾಲು ಸಾಕು: ಚಿತ್ರ ಎಷ್ಟು ವರ್ಷ ಉಳಿಯುತ್ತದೆ, ಅಳಿಸುವ ಮೊದಲು ಬರೆದವರಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು. ಬರೆದವರ ಹೆಸರು ಕೆಳಗಿರಬೇಕೆಂಬುದು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ, ಏಕೆಂದರೆ ಹೆಚ್ಚಿನ ಗೋಡೆಗಳ ಮೇಲೆ ಇರುವುದು ಹಣ ಮಂಜೂರು ಮಾಡಿದವರ ಹೆಸರು.

ಸಮಿತಿ_ಬೇಕು

ಎಲ್ಲವೂ ಸರಿ, ಆದರೆ ಮುಖ್ಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಯಾವ ಚಿತ್ರ ಹಾಕಬೇಕು, ಯಾವುದು ಬೇಡ ಎಂದು ನಿರ್ಧರಿಸುವವರು ಯಾರು? ಗ್ರಂಥಾಲಯಕ್ಕೆ ಚಿಕ್ಕ ಮಕ್ಕಳು ಬರುತ್ತಾರೆ. ನಾಳೆ ಒಬ್ಬರು ನಗ್ನ ಅಧ್ಯಯನದ ಚಿತ್ರ ತಂದರೆ, ಇನ್ನೊಬ್ಬರು ದೇವರ ಚಿತ್ರವನ್ನು ತಮಗೆ ತೋಚಿದಂತೆ ಬರೆದರೆ, ಮತ್ತೊಬ್ಬರು ಪಕ್ಷದ ನಾಯಕರ ಭಾವಚಿತ್ರಗಳನ್ನೇ ಸಾಲಾಗಿ ತೂಗುಹಾಕಿದರೆ ಏನು ಮಾಡುವುದು? ಲಲಿತಕಲಾ ಅಕಾಡೆಮಿಯ ಪ್ರತಿನಿಧಿ, ಒಬ್ಬ ಕಲಾ ಶಿಕ್ಷಕ, ಒಬ್ಬ ಅಧಿಕಾರಿ ಇರುವ ಸಮಿತಿಯೊಂದು ಬೇಕು. ಗುಣಮಟ್ಟ ಕಾಯುವುದಕ್ಕೂ ಅದು ಅಗತ್ಯ. ಕ್ಯಾಲೆಂಡರ್ ಚಿತ್ರ ನಕಲು ಮಾಡಿದವರಿಗೆಲ್ಲ ಗೋಡೆ ಕೊಟ್ಟರೆ ಗೋಡೆಗೆ ಬೆಲೆ ಉಳಿಯುವುದಿಲ್ಲ.

ಕುಂಚ_ಗದಗ

ಸಮಿತಿಯ ಮಾತಿಗೆ ನನ್ನ ವಿರೋಧವಿದೆ. ಮೂವರ ಸಮಿತಿ ಎಂದರೆ ಆ ಮೂವರ ಶಿಷ್ಯರು, ಪರಿಚಯದವರು, ಒಂದೇ ಕಲಾಶಾಲೆಯ ಹಳೆಯ ವಿದ್ಯಾರ್ಥಿಗಳು ಎಂಬುದು ಜಿಲ್ಲಾ ಮಟ್ಟದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಗ್ಯಾಲರಿಗಳಿಗೆ ಗುಣಮಟ್ಟದ ಹೊಣೆ ಇದೆ, ಅವು ಆರಿಸಲಿ. ಗ್ರಂಥಾಲಯದಲ್ಲಿ ಸದಸ್ಯತ್ವ ಕೊಡುವಾಗ ಓದುಗನ ಅಭಿರುಚಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಗೋಡೆಗೂ ಅದೇ ನ್ಯಾಯ ಇರಬೇಕು: ಆ ಗ್ರಂಥಾಲಯದ ವ್ಯಾಪ್ತಿಯಲ್ಲಿ ವಾಸಿಸುವವರು ವಹಿಯಲ್ಲಿ ಹೆಸರು ಬರೆಸಲಿ, ಸರದಿಯಂತೆ ಗೋಡೆ ಸಿಗಲಿ. ಒಮ್ಮೆ ಸಿಕ್ಕವರಿಗೆ ಉಳಿದವರ ಸರದಿ ಮುಗಿಯುವವರೆಗೆ ಮತ್ತೆ ಇಲ್ಲ. ನಕಲು ಚಿತ್ರಗಳು ಬರಲಿ; ಅವುಗಳ ನಂತರ ಒಳ್ಳೆಯ ಚಿತ್ರ ಬಂದಾಗ ನೋಡುಗರಿಗೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಗೋಡೆ ಒಮ್ಮೆ ಬೇರೆಯವರ ಕೈಗೆ ಹೋದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿಯಬೇಕಾಯಿತು. ಕಡಿಮೆ ಬಾಡಿಗೆಗೆ ಯಾರಿಗೂ ಸಿಗುತ್ತಿದ್ದ ಸ್ಥಳವನ್ನು ಉಳಿಸಿಕೊಳ್ಳುವುದು ಅವರ ಹೋರಾಟದ ತಿರುಳಾಗಿತ್ತು.

ನ್ಯೂಜೆರ್ಸಿ_ಕನ್ನಡತಿ

ಸರದಿಯ ಪರವಾಗಿ ಒಂದು ಮಾತು. ಅಮೆರಿಕದ ಗ್ರಂಥಾಲಯ ಸಂಘದ ಹಕ್ಕುಪತ್ರದಲ್ಲಿ ಇದಕ್ಕೆಂದೇ ಒಂದು ವಿಧಿ ಇದೆ: ಪ್ರದರ್ಶನಕ್ಕೆ ಸ್ಥಳ ಕೊಡುವ ಗ್ರಂಥಾಲಯ, ಕೇಳುವವರ ನಂಬಿಕೆ, ಸಂಘಟನೆ ಯಾವುದೆಂದು ನೋಡದೆ ಎಲ್ಲರಿಗೂ ಸಮಾನವಾಗಿ ಕೊಡಬೇಕು. ಅಲ್ಲಿಯೂ ಜಗಳಗಳು ನಿಂತಿಲ್ಲ. ಆದರೆ ಗ್ರಂಥಪಾಲಕಿಗೆ ತೋರಿಸಲು ಒಂದು ಲಿಖಿತ ನಿಯಮವಿರುತ್ತದೆ. ದೂರು ತಂದವರಿಗೆ ಅವಳು ತನ್ನ ಅಭಿಪ್ರಾಯವನ್ನು ಹೇಳಬೇಕಾಗಿಲ್ಲ.

ನಿವೃತ್ತ_ಗ್ರಂಥಪಾಲಕ

ಇದೇ ನನಗೂ ಬೇಕಾಗಿದ್ದದ್ದು. ಸಮಿತಿ ಇದ್ದರೆ ಅದು ವರ್ಷಕ್ಕೊಮ್ಮೆ ಸೇರುತ್ತದೆ, ಗೋಡೆ ಹನ್ನೊಂದು ತಿಂಗಳು ಖಾಲಿ ಇರುತ್ತದೆ. ಸರದಿ ಇರಲಿ, ಜೊತೆಗೆ ಎರಡು ನಿರ್ಬಂಧಗಳಿರಲಿ. ಚುನಾವಣೆಯಲ್ಲಿ ನಿಂತವರ, ನಿಲ್ಲಬಹುದಾದವರ ಭಾವಚಿತ್ರ ಬೇಡ. ನೀತಿ ಸಂಹಿತೆಯ ಕಾಲದಲ್ಲಿ ಅದಕ್ಕೆ ಬಟ್ಟೆ ಮುಚ್ಚುವ ಕೆಲಸ ನಮ್ಮ ಸಿಬ್ಬಂದಿಗೆ ಬೀಳುತ್ತದೆ. ಮಕ್ಕಳ ವಿಭಾಗದ ಗೋಡೆ ಮಕ್ಕಳಿಗೇ ಇರಲಿ. ಉಳಿದದ್ದರ ಬಗ್ಗೆ ದೂರು ಬಂದರೆ ಲಿಖಿತವಾಗಿ ಬರಲಿ, ಪ್ರಾಧಿಕಾರ ತೀರ್ಮಾನಿಸುವವರೆಗೆ ಚಿತ್ರ ಇದ್ದಲ್ಲಿಯೇ ಇರಲಿ. ದೂರು ಬಂದ ದಿನವೇ ಇಳಿಸುವ ಪದ್ಧತಿ ಬಂದರೆ ನಾಳೆ ಪುಸ್ತಕಗಳಿಗೂ ಅದೇ ಗತಿ.

ಚೌಕಟ್ಟು_ಮಂಗಳೂರು

ಮಾರಾಟದ ವಿಷಯವನ್ನೂ ತೀರ್ಮಾನಿಸಿಬಿಡಿ. ಬೆಲೆಯ ಚೀಟಿ ಗೋಡೆಯ ಮೇಲೆ ಬೇಡ, ಕಲಾವಿದರ ಸಂಪರ್ಕದ ಹಾಳೆಯೊಂದು ಮೇಜಿನ ಮೇಲಿದ್ದರೆ ಸಾಕು. ಗ್ರಂಥಾಲಯದಲ್ಲಿ ಹಣ ಕೈಬದಲಾಗಬಾರದು. ಜರ್ಮನಿಯಲ್ಲಿ ಆರ್ಟೊಥೆಕ್ ಎಂಬ ವ್ಯವಸ್ಥೆಯಿದೆ. ಪುಸ್ತಕದಂತೆಯೇ ಚಿತ್ರಗಳನ್ನೂ ಕೆಲವು ವಾರಗಳಿಗೆ ಮನೆಗೆ ಎರವಲು ಕೊಡುತ್ತಾರೆ. ನಮ್ಮಲ್ಲಿ ಅದು ಸದ್ಯಕ್ಕೆ ಹೆಚ್ಚಾಯಿತು, ಆದರೆ ಪುಸ್ತಕ ಖರೀದಿಯ ಹಣದಲ್ಲಿ ಅಲ್ಲದೆ ದಾನಿಗಳ ನೆರವಿನಿಂದ ವರ್ಷಕ್ಕೊಂದು ಚಿತ್ರವನ್ನು ಗ್ರಂಥಾಲಯವೇ ಕೊಂಡರೆ ಹತ್ತು ವರ್ಷದಲ್ಲಿ ಆ ಊರಿನದೇ ಒಂದು ಸಂಗ್ರಹವಾಗುತ್ತದೆ.

ಕೆಎಎಸ್_ಅಭ್ಯರ್ಥಿ

ಮೈಕು ಇಲ್ಲ, ಸೋಮವಾರ ಕಟ್ಟುವುದು, ಇವೆರಡೂ ಮನವಿಯಲ್ಲಿ ಲಿಖಿತವಾಗಿ ಬಂದರೆ ನಮ್ಮ ಓದುವ ಕೋಣೆಯವರ ಸಹಿಗಳನ್ನು ನಾನೇ ಹಾಕಿಸಿಕೊಡುತ್ತೇನೆ. ಗೋಡೆ ಯಾವುದೆಂಬುದಕ್ಕೂ ಒಂದು ಸಲಹೆಯಿದೆ. ದಿನಪತ್ರಿಕೆಯ ವಿಭಾಗದಲ್ಲಿ ಜನ ಹೇಗೂ ನಿಂತೇ ಓದುತ್ತಾರೆ, ಮಾತೂ ನಡೆದಿರುತ್ತದೆ. ಅಲ್ಲಿಂದ ಮೆಟ್ಟಿಲಿನವರೆಗಿನ ಗೋಡೆಯನ್ನು ಕೇಳಿ. ಪರಾಮರ್ಶನ ವಿಭಾಗದೊಳಗೆ ಬೇಡ.

ಕುಂಚ_ಗದಗ

ಒಪ್ಪಿದೆ. ಮೊದಲ ಕರಡಿನಲ್ಲಿ ಇವಿಷ್ಟನ್ನು ಸೇರಿಸುತ್ತೇನೆ: ದಿನಪತ್ರಿಕೆ ವಿಭಾಗದ ಗೋಡೆ, ಎರಡು ತಿಂಗಳ ಸರದಿ, ಸಿಬ್ಬಂದಿಗೆ ಹೊಣೆಯಿಲ್ಲವೆಂಬ ಕಲಾವಿದರ ಬರಹ, ಪಟ್ಟಿ ಮತ್ತು ತಂತಿಯ ಖರ್ಚು ನಮ್ಮದು, ಪಕ್ಕದಲ್ಲಿ ಗ್ರಂಥಪಾಲಕರು ಆರಿಸಿದ ಪುಸ್ತಕಗಳ ಕಪಾಟು, ಸಮಾರಂಭವಿಲ್ಲ. ಅರಿವು ಕೇಂದ್ರಗಳಿಗೆ ಬೇರೆ ಮನವಿ ಬೇಕಾಗುತ್ತದೆ, ಇಲಾಖೆಯೇ ಬೇರೆ. ಸಾಗರದವರು ಅದರ ಕರಡು ಬರೆದುಕೊಟ್ಟರೆ ಉಪಕಾರ.

ಸಾಗರದ_ಸೊಸೆ

ಬರೆಯುತ್ತೇನೆ. ಆದರೆ ಅದರಲ್ಲಿ ಸರದಿಯ ವಹಿ ಇರುವುದಿಲ್ಲ. ಕೇಂದ್ರದ ಮೇಲ್ವಿಚಾರಕರೇ ಓಣಿಗೆ ಹೋಗಿ ಬರೆಯಬಲ್ಲವರನ್ನು ಕೇಳಿಕೊಂಡು ಬರಬೇಕೆಂದೂ, ಕೂಲಿಯನ್ನು ಪಂಚಾಯಿತಿಯೇ ಕೊಡಬೇಕೆಂದೂ ಬರೆಯುತ್ತೇನೆ.

ನಿವೃತ್ತ_ಗ್ರಂಥಪಾಲಕ

ಕರಡಿನಲ್ಲಿ ಒಂದು ತಿದ್ದುಪಡಿ. ಸೋಮವಾರ ಸಿಬ್ಬಂದಿಗೆ ವಾರದ ಒಂದೇ ರಜೆ. ಬೀಗ ತೆಗೆಯಲು ಯಾರಾದರೂ ಬರಲೇಬೇಕು. ಅದಕ್ಕೆ ಬದಲಿ ರಜೆ ಕೊಡಬೇಕೆಂಬ ಸಾಲನ್ನು ಸೇರಿಸಿ, ಇಲ್ಲವಾದರೆ ಕೆಲಸದ ದಿನವೇ ಬೆಳಿಗ್ಗೆ ಬಾಗಿಲು ತೆರೆಯುವ ಒಂದು ಗಂಟೆ ಮೊದಲು ಕಟ್ಟಿ ಮುಗಿಸುತ್ತೇವೆಂದು ಬರೆಯಿರಿ. ಎರಡನೆಯದು ಬೇಗ ಮಂಜೂರಾಗುತ್ತದೆ.